ಟಕ್ಕಣ್ಣನ ನಾಲ್ಕು ಟಕ್

ಟಕ್ಕಣ್ಣ ಆಫೀಸಿಗೆ ಬಂದಿದ್ದಾನೋ ಇಲ್ಲವೋ ಎಂದು ತಿಳಿಯಲು ಯಾರೂ ಅವನ ಕುರ್ಚಿಯ ಕಡೆ ಕತ್ತು ತಿರುಗಿಸಬೇಕಾಗಿರಲಿಲ್ಲ. ಕಿವಿ ಇದ್ದರೆ ಸಾಕಿತ್ತು. ಟಕ್ ಟಕ್ ಟಕ್ ಟಕ್. ಸ್ವಲ್ಪ ಬಿಡುವು. ಮತ್ತೆ ಟಕ್ ಟಕ್ ಟಕ್ ಟಕ್. ಹತ್ತೊಂಬತ್ತು ವರ್ಷಗಳಿಂದ ಅದೇ ಬಲಗೈ ಹೆಬ್ಬೆರಳು, ಸ್ಪೇಸ್ ಬಾರಿನ ಮೇಲೆ ಅದೇ ನಾಲ್ಕು ಏಟು. ಕೀಬೋರ್ಡುಗಳು ಮಾತ್ರ ಆಗಾಗ ಬದಲಾಗಿದ್ದವು, ಅವಕ್ಕೂ ಆಯಸ್ಸು ಅಂತ ಒಂದಿರುತ್ತದಲ್ಲ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲೇ ಉಳಿದು, ಮನುಷ್ಯ ಮಾತ್ರ ಎಲ್ಲರ ಬಾಯಲ್ಲಿ ಟಕ್ಕಣ್ಣನಾಗಿಬಿಟ್ಟಿದ್ದ. ಆ ಹೆಸರಿನ ಮೇಲೆ ಅವನಿಗೂ ಒಳಗೊಳಗೇ ಮೋಹವಿತ್ತು.

ಚಪ್ಪಲಿ ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿ ಅವರ ಆಫೀಸು. ಆರು ಮೇಜು, ಪೂರ್ತಿ ಮುಚ್ಚದ ಒಂದು ಕಿಟಕಿ, ಪ್ಲೈವುಡ್ ಗೋಡೆಯ ಹಿಂದೆ ಒಡತಿಯ ಕೋಣೆ. ಒಡತಿಯನ್ನು ಎಲ್ಲರೂ ಮುಖದೆದುರೇ ಬಾಸಮ್ಮ ಎನ್ನುತ್ತಿದ್ದರು. ಬಟ್ಟೆ ಒಗೆಯುವ ಅಂಗಡಿಗಳಲ್ಲಿ ಸಾಲಾಗಿ ನಿಂತಿರುತ್ತವಲ್ಲ ದೊಡ್ಡ ದೊಡ್ಡ ಯಂತ್ರಗಳು, ಅವು ಯಾವಾಗ ನೀರು ಕುಡಿಯಬೇಕು, ಯಾವಾಗ ಗಿರಗಿರನೆ ತಿರುಗಬೇಕು, ಯಾವಾಗ ನೀರು ಉಗುಳಬೇಕು ಎಂದು ಹೇಳಿಕೊಡುವ ಕೋಡು ಬರೆಯುವುದು ಇವರ ಕಸುಬು.

ಆ ಕೋಡಿನಲ್ಲಿ ಒಂದು ಪದ್ಧತಿಯಿದೆ. 'ಬಾಗಿಲು ಮುಚ್ಚಿದ್ದರೆ' ಎಂದು ಒಂದು ಸಾಲು ಬರೆದರೆ, ಅದರ ಕೆಳಗಿನ 'ನೀರು ಬಿಡು' ಎಂಬ ಸಾಲನ್ನು ನಾಲ್ಕು ಅಕ್ಷರದಷ್ಟು ಒಳಗೆ ಸರಿಸಿ ಬರೆಯಬೇಕು. ಒಳಗೆ ಸರಿದ ಸಾಲು ಮೇಲಿನ ಸಾಲಿನ ಮಾತು ಕೇಳುತ್ತದೆ. ಸರಿಯದ ಸಾಲು ಯಾರಪ್ಪನ ಮಾತೂ ಕೇಳುವುದಿಲ್ಲ. ಬಾಗಿಲು ಮುಚ್ಚಿರಲಿ, ತೆರೆದಿರಲಿ, ನೀರು ಬಿಟ್ಟೇ ಬಿಡುತ್ತದೆ. ಹೀಗೆ ಒಳಗೆ ಸರಿಸಲು ಎರಡು ದಾರಿ. ಸ್ಪೇಸ್ ಬಾರನ್ನು ನಾಲ್ಕು ಸಲ ಒತ್ತಬಹುದು, ಇಲ್ಲವೇ ಟ್ಯಾಬ್ ಕೀಲಿಯನ್ನು ಒಂದೇ ಒಂದು ಸಲ ಒತ್ತಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಎರಡೂ ಖಾಲಿಯೇ ತಾನೆ. ಆದರೆ ಯಂತ್ರದ ಲೆಕ್ಕದಲ್ಲಿ ಅವು ಬೇರೆ ಬೇರೆ. ಒಂದೇ ಫೈಲಿನಲ್ಲಿ ಎರಡನ್ನೂ ಬೆರೆಸಿದರೆ ಗ್ರಹಚಾರ ಕಾದಿದೆ ಎಂದೇ ಅರ್ಥ.

ಹತ್ತು ವರ್ಷದ ಹಿಂದೆ ಯಾರೋ ಬೆರೆಸಿದ್ದರು. ಒಂದು ಅಂಗಡಿಯ ಹನ್ನೆರಡು ಯಂತ್ರಗಳು ಬಾಗಿಲು ತೆರೆದುಕೊಂಡೇ ನೀರು ಬಿಟ್ಟವು. ಯಾವ ಮಹನೀಯರದೋ ಒಳಚಡ್ಡಿಯೊಂದು ಅಂಗಡಿಯಿಂದ ತೇಲಿಕೊಂಡು ಬಸ್ ಸ್ಟಾಪಿನವರೆಗೂ ಹೋಯಿತಂತೆ, ಅಲ್ಲಿ ಕಾಯುತ್ತಿದ್ದವರು ಅದಕ್ಕೆ ದಾರಿ ಬಿಟ್ಟು ನಿಂತರಂತೆ. ಅಂದಿನಿಂದ ಆಫೀಸಿನ ಗೋಡೆಯ ಮೇಲೆ ಒಂದು ಕಾಗದ ಅಂಟಿತು: 'ನಾಲ್ಕು ಸ್ಪೇಸ್ ಮಾತ್ರ. ಟ್ಯಾಬ್ ಮುಟ್ಟಕೂಡದು.' ಬರೆದವನು ಟಕ್ಕಣ್ಣ, ಕೆಳಗೆ ಸಹಿ ಬಾಸಮ್ಮನದು. ಬಾಸಮ್ಮನಿಗೆ ಕೋಡಿನ ಗಂಧಗಾಳಿಯೂ ಇರಲಿಲ್ಲ. ಆದರೆ ಆ ಒಳಚಡ್ಡಿಯ ಯಜಮಾನರಿಗೆ ಫೋನಿನಲ್ಲಿ ಕ್ಷಮೆ ಕೇಳಿದವಳು ಅವಳೇ ಆದ್ದರಿಂದ ಈ ನಿಯಮದ ಮೇಲೆ ಅವಳಿಗೆ ಕಣ್ಣುಮುಚ್ಚಿದ ಭಕ್ತಿ.

ಹೊಸಬರು ಯಾರೇ ಬರಲಿ, ಟಕ್ಕಣ್ಣ ಅವರನ್ನು ಆ ಕಾಗದದ ಮುಂದೆ ನಿಲ್ಲಿಸಿ ಒಂದು ಭಾಷಣ ಬಿಗಿಯುತ್ತಿದ್ದ. "ಟ್ಯಾಬ್ ಒತ್ತೋದು ಸೋಮಾರಿಗಳ ಕೆಲಸ ಕಣ್ರೀ. ಒಂದೊಂದು ಖಾಲಿಯನ್ನೂ ನಾವೇ ದುಡಿದು ಇಡಬೇಕು. ಬೆವರು ಸುರಿಸದೆ ಬಂದ ಖಾಲಿ ನಿಲ್ಲಲ್ಲ!" ಹೊಸಬರು ತಲೆಯಾಡಿಸಿ ಹೋಗಿ ತಮ್ಮ ಜಾಗದಲ್ಲಿ ಕೂರುತ್ತಿದ್ದರು. ಅವರ ಕೀಬೋರ್ಡುಗಳೆಲ್ಲ ಹೊಸ ಕಾಲದವು, ಬೆಣ್ಣೆಯ ಮೇಲೆ ಬೆರಳಾಡಿಸಿದಷ್ಟೇ ಶಬ್ದ. ಅವರು ಏನು ಒತ್ತುತ್ತಾರೆ, ಎಷ್ಟು ಸಲ ಒತ್ತುತ್ತಾರೆ ಎಂದು ದೇವರಿಗೇ ಗೊತ್ತು. ಟಕ್ಕಣ್ಣ ಮಾತ್ರ ತನ್ನ ಪಾಠ ನಾಟಿತೆಂದು ಬೀಗುತ್ತಿದ್ದ.

ಹೀಗಿರುವಾಗ ಬಂದವರು ಲೆಕ್ಕದ ಮೇಡಂ. ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ಗಂಟಲು ಕೆಡಿಸಿಕೊಂಡವರು. ಇನ್ನು ಮೇಲೆ ಗಟ್ಟಿಯಾಗಿ ಮಾತಾಡಿದರೆ ಇರುವ ದನಿಯೂ ಹೋದೀತು ಎಂದು ಡಾಕ್ಟರು ಹೆದರಿಸಿದ್ದರು. ನಲವತ್ತೆಂಟನೇ ವಯಸ್ಸಿನಲ್ಲಿ ಕೂತು ಕೋಡು ಬರೆಯುವುದನ್ನು ಕಲಿತರು. ಸಂದರ್ಶನದ ದಿನ ಅವರು ಕೇಳಿದ್ದು ಒಂದೇ ಪ್ರಶ್ನೆ, ಅದೂ ಪಿಸುದನಿಯಲ್ಲಿ: "ಇಲ್ಲಿ ಕೂಗಬೇಕಾಗಿಲ್ಲ, ಅಲ್ವಾ?"

ಆರು ತಿಂಗಳು ಪರೀಕ್ಷೆಯ ಮೇಲೆ ಇಟ್ಟುಕೊಂಡರು. ಹೊಸ ಕೀಬೋರ್ಡು ತರಿಸುವವರೆಗೆ ಇರಲಿ ಎಂದು ಉಗ್ರಾಣದಲ್ಲಿದ್ದ ಹಳೆಯದೊಂದನ್ನು ಧೂಳು ಕೊಡವಿ ಕೊಟ್ಟರು. ಎಡವಟ್ಟಾದದ್ದು ಅಲ್ಲೇ. ಆ ಹಳೇ ಕೀಬೋರ್ಡು ಟಕ್ಕಣ್ಣನದಕ್ಕಿಂತ ಜೋರು. ಮೇಡಂ ಮೇಜಿನಿಂದ ಎರಡನೇ ದಿನವೇ ಶಬ್ದ ಬಂತು: ಟಕ್.

ಒಂದೇ ಟಕ್!

ಟಕ್ಕಣ್ಣನ ಬೆನ್ನು ನೆಟ್ಟಗಾಯಿತು. ಉಳಿದ ಮೂರಕ್ಕಾಗಿ ಕಾದ. ಬರಲಿಲ್ಲ. ಎದ್ದು ಹೋಗಿ ಅವರ ಪರದೆ ನೋಡಿದ. ಸಾಲುಗಳು ನೀಟಾಗಿ ಒಳಗೆ ಸರಿದು ನಿಂತಿದ್ದವು. 'ನೋಡೋಕೆ ಸರಿಯಾಗೇ ಕಾಣುತ್ತೆ, ಅಪಾಯ ಇರೋದೇ ಅಲ್ಲಿ' ಎಂದುಕೊಂಡ. ಮೇಡಮ್ಮಿಗೆ ಭಾಷಣ ಎರಡನೇ ಸಲ ಆಯಿತು. ಅವರು "ಹೂಂ" ಎಂದರು. ಮತ್ತೆ ಒಂದೇ ಟಕ್. ಆರು ತಿಂಗಳು ಹೀಗೇ ನಡೆಯಿತು. ಅವರ ಕೋಡಿನಲ್ಲಿ ಒಂದು ತಪ್ಪೂ ಸಿಗಲಿಲ್ಲ, ಒಂದು ಯಂತ್ರವೂ ತೊಟ್ಟು ನೀರು ಚೆಲ್ಲಲಿಲ್ಲ. ಆದರೆ ಟಕ್ಕಣ್ಣ ತೀರ್ಪು ಕೊಡುತ್ತಿದ್ದದ್ದು ಕಿವಿಯಿಂದ. ಆರು ತಿಂಗಳ ವರದಿಯನ್ನು ಅವನೇ ಬರೆಯಬೇಕಿತ್ತು. 'ಕಾಯಂ ಮಾಡಬೇಕೇ?' ಎಂಬ ಪ್ರಶ್ನೆಯೆದುರು 'ಬೇಡ' ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದು, ಒಂದು ಶುಕ್ರವಾರ ಬಾಸಮ್ಮನ ಕೈಗೆ ಕೊಟ್ಟ. ಮುಂದಿನ ಶುಕ್ರವಾರ ತೀರ್ಮಾನ ಎಂದಾಯಿತು.

ಮಾರನೇ ದಿನವೇ ಅವನ ಹೆಬ್ಬೆರಳು ಊದಿಕೊಂಡಿತು. ಬೆಳಿಗ್ಗೆ ಎದ್ದರೆ ಅಂಗಿಯ ಗುಂಡಿ ಹಾಕಲೂ ಆಗುತ್ತಿಲ್ಲ. ಮೂಳೆಯ ಡಾಕ್ಟರಮ್ಮ ಬೆರಳನ್ನು ಹಿಂದೆ ಮುಂದೆ ಬಗ್ಗಿಸಿ, ಅವನು ಕುಯ್ಯೋ ಎಂದಾಗ ಬಿಟ್ಟಳು.

"ಇಷ್ಟೊಂದು ಸವೆದಿದೆಯಲ್ಲ, ಏನ್ ಕೆಲಸ ಮಾಡ್ತೀರಿ?"

"ಖಾಲಿ ಬಿಡ್ತೀನಿ ಡಾಕ್ಟ್ರೇ."

"ಕೆಲಸ ಬಿಟ್ಬಿಟ್ರಾ?"

"ಅಯ್ಯೋ, ಖಾಲಿ ಬಿಡೋದೇ ಕೆಲಸ. ನಾಲ್ಕು ನಾಲ್ಕು ಖಾಲಿ. ಬೆಳಿಗ್ಗೆಯಿಂದ ಸಂಜೆವರೆಗೆ."

ಡಾಕ್ಟರಮ್ಮ ಅವನ ಮುಖವನ್ನೂ ಬೆರಳನ್ನೂ ಒಂದು ಸಲ ನೋಡಿ, ಮುಖದ ವಿಷಯ ತನ್ನ ವಿಭಾಗದ್ದಲ್ಲವೆಂದು ಬೆರಳಿಗಷ್ಟೇ ಪಟ್ಟಿ ಕಟ್ಟಿದಳು. ಮೂರು ವಾರ ಹೆಬ್ಬೆರಳು ಮಡಿಸಕೂಡದು, ಏನನ್ನೂ ಒತ್ತಕೂಡದು. ದಪ್ಪ ಬಿಳಿ ಬಟ್ಟೆಯಲ್ಲಿ ಸುತ್ತಿದ ಆ ಬೆರಳು ಇಡೀ ಲೋಕಕ್ಕೆ ಶಭಾಷ್ ಎನ್ನುವಂತೆ ಮೇಲೆದ್ದು ನಿಂತಿತು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಟಕ್ಕಣ್ಣ ಮನೆಯ ಕಂಪ್ಯೂಟರಿನ ಮುಂದೆ ಕೂತು ಎಡಗೈ ತೋರುಬೆರಳಿನಲ್ಲಿ ಅಭ್ಯಾಸ ಶುರುಮಾಡಿದ. ಟಕ್... ಟಕ್... ಟಕ್... ಎಷ್ಟಾಯಿತು? ಮೂರೋ ನಾಲ್ಕೋ? ಅಳಿಸಿ ಮತ್ತೆ ಮೊದಲಿಂದ. ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಅವನ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಅವಳು ದರ್ಜಿ. ಬೀದಿಯ ಅರ್ಧ ಜನರ ಅಂಗಿ ಅವಳ ಕೈಯದು, ಉಳಿದರ್ಧ ಜನ ಅವಳ ಹತ್ತಿರ ರಿಪೇರಿಗೆ ಬರುವವರು.

"ರೀ," ಎಂದಳು ಅವಳು ಬಟ್ಟೆಯಿಂದ ಕಣ್ಣೆತ್ತದೆ, "ಅದೇನು ಅಷ್ಟೊತ್ತಿಂದ ಒಂದೊಂದೇ ಕುಟ್ತಿದ್ದೀರಾ?"

"ಸಾಲು ಒಳಗೆ ಸರಿಸ್ತಿದ್ದೀನಿ ಕಣೇ."

"ಪ್ರತಿ ಸಾಲಿಗೂ ನಾಲ್ಕು ಸಲ ಕುಟ್ಟಬೇಕಾ?"

"ಮತ್ತೆ? ನಿಯಮ."

"ನನ್ನ ಮಿಶನ್ನಲ್ಲಿ ನೋಡಿ, ಹೊಲಿಗೆ ಎಷ್ಟು ಉದ್ದ ಬೇಕು ಅಂತ ಈ ತಿರುಪು ಒಂದು ಸಲ ತಿರುಗಿಸಿ ಇಟ್ಟರೆ ಆಯ್ತು. ಆಮೇಲೆ ಅದರ ಪಾಡಿಗೆ ಅದು ಹಾಕ್ಕೊಂಡು ಹೋಗುತ್ತೆ. ನಿಮ್ಮದಕ್ಕೆ ಅಂಥದ್ದೇನೂ ತಿರುಪು ಇಲ್ವಾ?"

ಟಕ್ಕಣ್ಣ ನಕ್ಕ. ತಿಳಿದವನು ತಿಳಿಯದವರ ಮುಂದೆ ನಗುವ ಆ ನಗು ಹೆಂಡತಿಗೆ ಹತ್ತೊಂಬತ್ತು ವರ್ಷದಿಂದ ಚೆನ್ನಾಗಿ ಗೊತ್ತು. "ಇದೇನು ಬಟ್ಟೆ ಹೊಲಿಯೋ ಮಿಶನ್ನು ಅಂದ್ಕೊಂಡ್ಯಾ? ಹಾಗೆಲ್ಲ ಇರಲ್ಲ ಕಣೇ."

"ನೋಡಿದ್ದೀರಾ?"

ನೋಡಿರಲಿಲ್ಲ. ಅದಕ್ಕೊಂದು ಕಾರಣವಿತ್ತು. ಕೆಲಸಕ್ಕೆ ಸೇರಿದ ಮೊದಲ ವಾರ ಅವನು ಎಡಿಟರಿನ, ಅಂದರೆ ಕೋಡು ಬರೆಯುವ ತಂತ್ರಾಂಶದ, ಸೆಟ್ಟಿಂಗ್ಸ್ ಎಂಬಲ್ಲಿಗೆ ಕೈ ಹಾಕಿ, ಅಕ್ಷರಗಳನ್ನೆಲ್ಲ ಕುಂಬಳಕಾಯಿ ಗಾತ್ರ ಮಾಡಿಕೊಂಡು, ವಾಪಸು ಚಿಕ್ಕದು ಮಾಡಲು ಬಾರದೆ ಒಂದು ದಿನವಿಡೀ ಪರದೆಗೆ ಒಂದೂವರೆ ಅಕ್ಷರದಂತೆ ಓದಿದ್ದ. ಆಗಿನ ಮೇಲಧಿಕಾರಿ "ಇನ್ನೊಂದು ಸಲ ಅಲ್ಲಿಗೆ ಹೋದರೆ ಜೋಕೆ" ಎಂದಿದ್ದರು. ಅವರು ನಿವೃತ್ತರಾಗಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದರೂ ಟಕ್ಕಣ್ಣ ಇಂದಿಗೂ ಜೋಕೆಯಾಗಿಯೇ ಇದ್ದ. ಎಷ್ಟು ಕಂಪ್ಯೂಟರು ಬದಲಾದರೂ ಹಳೆಯ ಎಡಿಟರನ್ನೇ ಹಾಗ್ಹಾಗೇ ಎತ್ತಿ ಹಾಕಿಸಿಕೊಳ್ಳುತ್ತಿದ್ದ.

"ಇಲ್ಲ ಅಂದ್ರೆ ಇಲ್ಲ ಕಣೇ. ಬೇಕಾದ್ರೆ ತೆಗೆದು ತೋರಿಸ್ತೀನಿ, ಬಾ ಇಲ್ಲಿ," ಎಂದು ಸೆಟ್ಟಿಂಗ್ಸ್ ತೆರೆದ.

ಹೆಂಡತಿ ಬಂದು ಹೆಗಲ ಮೇಲಿಂದ ಬಗ್ಗಿ ನೋಡಿದಳು. ಮೂರನೇ ಸಾಲಿನಲ್ಲೇ ಇತ್ತು. 'ಟ್ಯಾಬ್ ಒತ್ತಿದಾಗ ಸ್ಪೇಸ್‌ಗಳನ್ನು ಹಾಕು.' ಪಕ್ಕದಲ್ಲೊಂದು ಪುಟ್ಟ ಚೌಕ, ಗುರುತು ಹಾಕಲು. ಅದರ ಕೆಳಗೆ: 'ಎಷ್ಟು?' ಎದುರಿಗೆ ಮೊದಲೇ ತುಂಬಿಟ್ಟಿದ್ದ ಅಂಕಿ: ನಾಲ್ಕು.

ಟಕ್ಕಣ್ಣ ಎಡಗೈಯಿಂದ ಚೌಕದಲ್ಲಿ ಗುರುತು ಹಾಕಿ ಟ್ಯಾಬ್ ಒತ್ತಿದ. ಒಂದೇ ಏಟಿಗೆ ನಾಲ್ಕು ಖಾಲಿ ಬಿದ್ದವು. ಒಂದೊಂದಾಗಿ ಎಣಿಸಿ ನೋಡಿದ. ಟ್ಯಾಬ್ ಅಲ್ಲ, ಅಪ್ಪಟ ಸ್ಪೇಸುಗಳು, ಬೆವರು ಸುರಿಸಿ ಇಟ್ಟವುಗಳಿಗೂ ಇವಕ್ಕೂ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಕೆಳಗೆ ಇನ್ನೊಂದು ಚೌಕ ಕಂಡಿತು: 'ಹೊಸ ಸಾಲನ್ನು ತಾನಾಗಿಯೇ ಒಳಗೆ ಸರಿಸು.' ಅಂದರೆ ಬಹಳಷ್ಟು ಸಲ ಆ ಒಂದು ಟಕ್ ಕೂಡ ಬೇಕಾಗಿರಲಿಲ್ಲ. ಟಕ್ಕಣ್ಣ ಕುರ್ಚಿಗೆ ಒರಗಿ ತನ್ನ ಬಿಳಿ ಹೆಬ್ಬೆರಳನ್ನು ನೋಡಿದ. ಅದು ಅವನಿಗೂ ಶಭಾಷ್ ಎನ್ನುತ್ತಿತ್ತು.

"ಇದೆಯಲ್ಲ ರೀ ತಿರುಪು," ಎಂದಳು ಹೆಂಡತಿ.

"ಹೂಂ."

"ಮತ್ತೆ ಇಷ್ಟು ವರ್ಷ ಯಾಕೆ..." ಎಂದವಳು ಗಂಡನ ಪೆಚ್ಚುಮೋರೆ ನೋಡಿ ಮಾತು ನುಂಗಿಕೊಂಡು ತನ್ನ ಮೂಲೆಗೆ ಹೋದಳು. ಹೋದ ಮೇಲೆ ಹೊಲಿಗೆ ಯಂತ್ರ ಸುಮಾರು ಹೊತ್ತು ಓಡಲಿಲ್ಲ. ಬಾಯಿಗೆ ಬಟ್ಟೆ ತುರುಕಿಕೊಂಡು ನಗುವ ಶಬ್ದ ಮಾತ್ರ ಬಂತು.

ನಾಚಿಕೆ ಒಂದು ಕಡೆಯಾದರೆ, ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಲೆಕ್ಕದ ಮೇಡಂ! ಅವರ ಆ ಒಂದೇ ಟಕ್ಕಿಗೂ ನಾಲ್ಕು ಸ್ಪೇಸೇ ಬೀಳುತ್ತಿರಬೇಕು. ಅವರು ನಿಯಮ ಮುರಿದೇ ಇರಲಿಲ್ಲ. ಗಂಟಲು ಹೋದ ಹೆಂಗಸು ಇನ್ನು ಶಾಲೆಗೆ ಮರಳುವ ಹಾಗಿಲ್ಲ, ಐವತ್ತರ ಹೊಸ್ತಿಲಲ್ಲಿ ಬೇರೆ ಯಾರೂ ಕರೆದು ಕೆಲಸ ಕೊಡುವುದಿಲ್ಲ. ಅವನು ಕೊಟ್ಟ 'ಬೇಡ' ಬಾಸಮ್ಮನ ಡ್ರಾಯರಿನಲ್ಲಿ ಶುಕ್ರವಾರಕ್ಕೆ ಕಾಯುತ್ತ ಮಲಗಿದೆ. ವಾಪಸು ಕೇಳಬೇಕು. ಕೇಳಿದರೆ ಯಾಕೆ ಎಂದು ಹೇಳಬೇಕು. ಹೇಳಿದರೆ ಇಷ್ಟು ವರ್ಷದ ಭಾಷಣಗಳೆಲ್ಲ ತಲೆಯ ಮೇಲೆ ಬೀಳುತ್ತವೆ.

ಒಳ್ಳೆಯ ಮನುಷ್ಯನಾಗಿದ್ದರೆ ಸೋಮವಾರವೇ ಹೋಗಿ ಹೇಳುತ್ತಿದ್ದ. ಟಕ್ಕಣ್ಣ ಒಳ್ಳೆಯವನೇ, ಆದರೆ ನಿಧಾನ. ಸೋಮವಾರ ಅವನು ಮಾಡಿದ್ದೇ ಬೇರೆ. ಆಫೀಸಿನ ಎಡಿಟರಿನಲ್ಲೂ ಕಳ್ಳನ ಹಾಗೆ ಅತ್ತಿತ್ತ ನೋಡಿ ಆ ಚೌಕಕ್ಕೆ ಗುರುತು ಹಾಕಿಕೊಂಡ. ಒಮ್ಮೆ ಅದರ ರುಚಿ ಕಂಡ ಮೇಲೆ ಕೈ ಮಾತು ಕೇಳಬೇಕಲ್ಲ. ಆದರೆ ಒಂದೇ ಟಕ್ ಎಂದರೆ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಆದ್ದರಿಂದ ಟ್ಯಾಬನ್ನು ಸದ್ದಿಲ್ಲದೆ ಒತ್ತಿ, ಮೇಜಿನ ಕೆಳಗೆ ಬೂಟಿನ ಹಿಮ್ಮಡಿಯಿಂದ ಡ್ರಾಯರಿಗೆ ನಾಲ್ಕು ಬಾರಿಸತೊಡಗಿದ. ಟಕ್ ಟಕ್ ಟಕ್ ಟಕ್. ಟಕ್ಕಣ್ಣ ಹೋಗಿ ಠಕ್ಕಣ್ಣನಾದದ್ದು ಹೀಗೆ.

ಸುಳ್ಳಿಗೂ ಶ್ರದ್ಧೆ ಬೇಕು. ಫೋನಿನಲ್ಲಿ ಮಾತಾಡುತ್ತಿದ್ದಾಗಲೂ ಅಭ್ಯಾಸಬಲದಿಂದ ಹಿಮ್ಮಡಿ ಬಾರಿಸಿತು. ನೀರು ಕುಡಿಯುತ್ತಿದ್ದಾಗಲೂ ಬಾರಿಸಿತು. ಎದುರು ಮೇಜಿನವನೊಬ್ಬ ಸದಾ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿರುತ್ತಿದ್ದ, ಹೆಸರೂ ಹೆಡ್‌ಫೋನೇ. ಅವನು ಒಂದು ಕಿವಿ ಬಿಡಿಸಿಕೊಂಡು, "ಏನ್ ಟಕ್ಕಣ್ಣ, ಬೆರಳಿಗೆ ಪಟ್ಟಿ ಕಟ್ಟಿದ ಮೇಲೆ ಸ್ಪೀಡು ಜಾಸ್ತಿ ಆಗಿದೆ?" ಎಂದ. ಮಂಗಳವಾರ ಸಂಜೆಗೆ ಹಿಮ್ಮಡಿಯೂ ಊದಿಕೊಂಡಿತು. ಬೆರಳಿಗಾದರೆ ಡಾಕ್ಟರಮ್ಮನಿಗೆ ಕಾರಣ ಹೇಳಿಯಾಗಿತ್ತು, ಇದಕ್ಕೆ ಏನು ಹೇಳುವುದು?

ಮನೆಗೆ ಬಂದವನೇ ಊಟದ ಮೇಜಿನ ಮೇಲೆ ಪೆನ್ನಿನ ತುದಿಯಿಂದ ಕುಟ್ಟಿ ಮೊಬೈಲಿನಲ್ಲಿ ಶಬ್ದ ಹಿಡಿದಿಟ್ಟುಕೊಂಡ. ನಿಜದ ಹಾಗೆ ಇರಲೆಂದು ನಡುನಡುವೆ ಬಿಡುವು ಬಿಟ್ಟ. ಯೋಚಿಸುವಾಗಿನ ಉದ್ದ ಬಿಡುವು, ಸಾಲಿನಿಂದ ಸಾಲಿಗೆ ಹೋಗುವಾಗಿನ ಚಿಕ್ಕ ಬಿಡುವು. ಒಂದು ಕಡೆ ಕೆಮ್ಮನ್ನೂ ಸೇರಿಸಿದ.

"ರೀ, ಏನ್ ಮಾಡ್ತಿದ್ದೀರಾ?" ಎಂದಳು ಹೆಂಡತಿ. ಮೇಡಮ್ಮಿನ ವರದಿಯ ವಿಷಯವನ್ನು ಅವಳು ಭಾನುವಾರವೇ ಅವನ ಬಾಯಿಂದ ಬಿಡಿಸಿಕೊಂಡಿದ್ದಳು.

"ಕೆಲಸ."

"ಕೆಲಸದ ಶಬ್ದ ಹಿಡಿದಿಟ್ಕೊಳ್ಳೋ ಬದಲು ಹೋಗಿ ನಿಜ ಹೇಳಿ. ಪಾಪ, ಆ ಮೇಡಂ ಏನ್ ಮಾಡಿದ್ರು ನಿಮಗೆ?"

"ಹೇಳ್ತೀನಿ, ಹೇಳ್ತೀನಿ," ಎಂದ. ಬುಧವಾರ ಹೇಳಲಿಲ್ಲ. ಗುರುವಾರವೂ ಹೇಳಲಿಲ್ಲ. ಡ್ರಾಯರಿನೊಳಗಿಂದ ಮೊಬೈಲು ತನ್ನ ಪಾಡಿಗೆ ತಾನು ಟಕಟಕಿಸುತ್ತಿತ್ತು, ಸರಿಯಾದ ಜಾಗದಲ್ಲಿ ಕೆಮ್ಮುತ್ತಿತ್ತು. ಲೆಕ್ಕದ ಮೇಡಂ ಒಂದೆರಡು ಸಲ ತಮ್ಮ ಮೇಜಿನಿಂದ ತಲೆಯೆತ್ತಿ ಕನ್ನಡಕದ ಮೇಲಿಂದ ಅವನನ್ನು ನೋಡಿದರು. ಪರೀಕ್ಷೆಯ ಕೊಠಡಿಯಲ್ಲಿ ಮಾಸ್ತರರು ಹಿಂದಿನ ಬೆಂಚಿನತ್ತ ನೋಡುವ ಆ ನೋಟ. ಟಕ್ಕಣ್ಣ ಕಣ್ಣು ತಪ್ಪಿಸಿದ. ಅವನಿಗೆ ತನ್ನ ಮೇಲೇ ಅಸಹ್ಯವಾಗಿತ್ತು, ಆದರೂ ನಾಲಿಗೆ ಏಳುತ್ತಿರಲಿಲ್ಲ.

ಶುಕ್ರವಾರ ನಾಲ್ಕು ಗಂಟೆಗೆ ಬಾಸಮ್ಮ ಇಬ್ಬರನ್ನೂ ಕರೆದಳು. ಟಕ್ಕಣ್ಣ ಗಡಿಬಿಡಿಯಲ್ಲಿ ಡ್ರಾಯರಿನಿಂದ ಮೊಬೈಲು ತೆಗೆದು, ನಿಲ್ಲಿಸುವ ಗುಂಡಿ ಒತ್ತಿ, ಅಂಗಿಯ ಜೇಬಿಗಿಳಿಸಿದ. ಒತ್ತಿದ್ದು ಪಟ್ಟಿ ಸುತ್ತಿದ ಹೆಬ್ಬೆರಳಿನಿಂದ. ಬಟ್ಟೆ ಸುತ್ತಿದ ಬೆರಳನ್ನು ಮೊಬೈಲು ಬೆರಳೆಂದೇ ಎಣಿಸುವುದಿಲ್ಲ ಎಂಬುದು ಅವನಿಗೆ ಆಗ ಹೊಳೆಯಲಿಲ್ಲ. ಅದೇ ಹೊತ್ತಿಗೆ ಉದ್ದ ಬಿಡುವು ನಡೆಯುತ್ತಿದ್ದುದರಿಂದ ಜೇಬು ಸುಮ್ಮನಿತ್ತು.

ಬಾಸಮ್ಮ ವರದಿ ಮುಂದಿಟ್ಟುಕೊಂಡಿದ್ದಳು. "ಮೇಡಂ, ನಿಮ್ಮ ಕೆಲಸದಲ್ಲಿ ಕೊರತೆ ಏನೂ ಇಲ್ಲ ಅಂತ ಇದರಲ್ಲೇ ಬರೆದಿದೆ. ಆದ್ರೆ ಟ್ಯಾಬ್ ಒತ್ತುತ್ತೀರಿ ಅಂತಾನೂ ಇದೆ. ಹೌದಾ?"

"ಒತ್ತುತ್ತೀನಿ," ಎಂದರು ಮೇಡಂ ಪಿಸುದನಿಯಲ್ಲಿ. ಅಷ್ಟೇ. ಮಡಿಲಲ್ಲಿದ್ದ ಬ್ಯಾಗಿನ ಹಿಡಿಯನ್ನು ಮಾತ್ರ ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡರು.

"ಆ ನಿಯಮ ಯಾಕೆ ಬಂತು ಅಂತ ನಿಮಗೂ ಗೊತ್ತು. ನನಗೂ ಬೇಜಾರೇ. ಆದ್ರೆ ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತೆ," ಎಂದ ಬಾಸಮ್ಮ ಪೆನ್ನಿನ ಟೋಪಿ ತೆಗೆದು ಟಕ್ಕಣ್ಣನ ಕಡೆ ತಿರುಗಿದಳು. "ಸಹಿ ಹಾಕೋ ಮುಂಚೆ ನೀವೇನಾದ್ರೂ ಹೇಳೋದಿದ್ಯಾ?"

ಟಕ್ಕಣ್ಣ ಎರಡೂ ಕೈ ಮೇಲೆತ್ತಿದ, ದೊಡ್ಡ ಮಾತು ಆಡುವಾಗ ಅವನ ಕೈಗಳು ತಾವಾಗಿಯೇ ಮೇಲೇಳುತ್ತಿದ್ದವು. "ಅದು ಏನಂದ್ರೆ ಬಾಸಮ್ಮ..."

ಟಕ್ ಟಕ್ ಟಕ್ ಟಕ್, ಎಂದಿತು ಜೇಬು.

ಬಾಸಮ್ಮ ಅವನ ಬಲಗೈ ನೋಡಿದಳು. ಅದು ಗಾಳಿಯಲ್ಲಿತ್ತು. ಎಡಗೈ ನೋಡಿದಳು. ಅದೂ ಗಾಳಿಯಲ್ಲಿತ್ತು. ಟಕ್ ಟಕ್ ಟಕ್ ಟಕ್. ಆಮೇಲೆ ಜೇಬು ಕೆಮ್ಮಿತು. ಪ್ಲೈವುಡ್ ಗೋಡೆಯ ಆಚೆ ಎಲ್ಲ ಕೀಬೋರ್ಡುಗಳೂ ಒಟ್ಟಿಗೇ ನಿಂತವು.

"ಓ, ರಿಂಗ್‌ಟೋನಾ!" ಎಂದು ಬಾಸಮ್ಮ ಮುಖ ಅರಳಿಸಿದಳು. "ನೋಡಿದ್ರಾ ಮೇಡಂ, ನಿಷ್ಠೆ ಅಂದ್ರೆ ಇದು! ರಿಂಗ್‌ಟೋನೂ ನಾಲ್ಕು ಸ್ಪೇಸೇ!"

ಹೂಂ ಎಂದಿದ್ದರೆ ಮುಗಿದು ಹೋಗುತ್ತಿತ್ತು. ದೇವರೇ ಕಳಿಸಿದಂಥ ದಾರಿ, ಬಾಗಿಲು ತೆರೆದು ನಿಂತಿತ್ತು. ಟಕ್ಕಣ್ಣನ ಬಾಯಿ ಹೂಂ ಎನ್ನಲು ತೆರೆದದ್ದೂ ಹೌದು. ಅಷ್ಟರಲ್ಲಿ ಅವನ ಕಣ್ಣಿಗೆ ಬಿದ್ದದ್ದು ಬ್ಯಾಗಿನ ಹಿಡಿಯನ್ನು ಹಿಡಿದಿದ್ದ ಮೇಡಮ್ಮಿನ ಕೈ. ಗೆಣ್ಣುಗಳು ಬೆಳ್ಳಗಾಗಿದ್ದವು, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಸೀಮೆಸುಣ್ಣದ ಬಿಳಿ ಇನ್ನೂ ಉಳಿದಿದೆಯೇನೋ ಎನ್ನಿಸಿತು.

"ರಿಂಗ್‌ಟೋನ್ ಅಲ್ಲ ಬಾಸಮ್ಮ," ಎಂದ. "ಸುಳ್ಳು."

"ಏನು?"

"ಅದು ಸುಳ್ಳಿನ ಶಬ್ದ. ನಾನೇ ಮಾಡಿ ಇಟ್ಕೊಂಡಿದ್ದು. ಸೋಮವಾರದಿಂದ ನಾನೂ ಟ್ಯಾಬೇ ಒತ್ತುತ್ತಿರೋದು." ಒಮ್ಮೆ ಶುರುವಾದ ಮೇಲೆ ತಡೆಯೇ ಇರಲಿಲ್ಲ. ತಿರುಪು, ಚೌಕ, ಹೆಂಡತಿ, ಹಿಮ್ಮಡಿ, ಕೆಮ್ಮು, ಎಲ್ಲ ಹೊರಗೆ ಬಂದವು. "ಸೆಟ್ಟಿಂಗ್ಸಲ್ಲಿ ಒಂದು ಗುರುತು ಹಾಕಿದ್ರೆ ಟ್ಯಾಬ್ ಒತ್ತಿದಾಗ ನಾಲ್ಕು ಸ್ಪೇಸೇ ಬೀಳುತ್ತೆ. ನೀರೂ ಚೆಲ್ಲಲ್ಲ, ಚಡ್ಡೀನೂ ತೇಲಲ್ಲ. ಮೇಡಂ ಮೊದಲ ದಿನದಿಂದ ಸರಿಯಾಗೇ ಮಾಡ್ತಿದ್ದಾರೆ. ಗೊತ್ತಿಲ್ಲದೆ ಇದ್ದವನು ನಾನು. ಹತ್ತೊಂಬತ್ತು ವರ್ಷ. ಕೆಲಸದಿಂದ ತೆಗೆಯೋದಾದ್ರೆ ಬೆಪ್ಪನ್ನ ತೆಗೀರಿ."

ಬಾಸಮ್ಮ ಪೆನ್ನು ಕೆಳಗಿಟ್ಟಳು. ಪ್ಲೈವುಡ್ಡಿನ ಕಡೆ ತಿರುಗಿ ಗಟ್ಟಿಯಾಗಿ ಕೇಳಿದಳು: "ಈ ಆಫೀಸಲ್ಲಿ ಟ್ಯಾಬ್ ಒತ್ತೋರು ಇನ್ನೂ ಯಾರ್ಯಾರಿದ್ದೀರಿ?"

ಹೆಡ್‌ಫೋನಿನ ದನಿ ಬಂತು. "ಎಲ್ರೂನೂ."

"ನೀನೂನಾ?" ಎಂದ ಟಕ್ಕಣ್ಣ. "ಯಾಕೋ ಹೇಳಲಿಲ್ಲ?"

"ಹೇಳೋಣ ಅಂತಾನೇ ಬಂದಿದ್ದೆ ಟಕ್ಕಣ್ಣ, ಮೊದಲ ದಿನ. ನೀವು ಬೆವರು ಗಿವರು ಅಂತ ಶುರು ಹಚ್ಚಿಕೊಂಡಿರಿ. ಮಧ್ಯೆ ಬಾಯಿ ಹಾಕೋದು ಹೇಗೆ? ಆಮೇಲೆ ನೋಡಿದ್ರೆ ಒಂಬತ್ತು ವರ್ಷ ಆಗೋಗಿತ್ತು!"

ಗೋಡೆಯ ಆಚೆ ನಗು ಸ್ಫೋಟಿಸಿತು. ಬಾಸಮ್ಮನೂ ಸೆರಗು ಬಾಯಿಗೆ ಅಡ್ಡ ಹಿಡಿದಳು. ಲೆಕ್ಕದ ಮೇಡಂ ಮಾತ್ರ ನಗದೆ, ಬ್ಯಾಗಿನಿಂದ ಪೆನ್ಸಿಲ್ ತೆಗೆದು ಏನೋ ಗೀಚತೊಡಗಿದರು. "ದಿನಕ್ಕೆ ಮುನ್ನೂರು ಸಾಲು ಅಂತ ಇಟ್ಕೊಳ್ಳೋಣ. ಕೆಲವು ಸಾಲು ಎರಡು ಮೂರು ಪಟ್ಟು ಒಳಗೆ ಸರಿಯೋದ್ರಿಂದ ಸಾಲಿಗೆ ಸರಾಸರಿ ಎಂಟು ಏಟು. ವರ್ಷಕ್ಕೆ ಇನ್ನೂರೈವತ್ತು ದಿನ. ಹತ್ತೊಂಬತ್ತು ವರ್ಷ." ಪೆನ್ಸಿಲ್ ನಿಂತಿತು. "ಒಂದು ಕೋಟಿ ಹದಿನಾಲ್ಕು ಲಕ್ಷ ಸಲ ಒತ್ತಿದ್ದೀರಿ. ಅದರಲ್ಲಿ ಮುಕ್ಕಾಲು ಪಾಲು ಬೇಕಾಗಿರಲಿಲ್ಲ."

ಟಕ್ಕಣ್ಣ ತನ್ನ ಹೆಬ್ಬೆರಳಿನ ಕಡೆ ಕ್ಷಮೆ ಕೇಳುವವನಂತೆ ನೋಡಿದ.

ಬಾಸಮ್ಮ ವರದಿಯನ್ನು ಅವನ ಮುಂದೆ ತಳ್ಳಿದಳು. ಅವನು ಎಡಗೈಯಲ್ಲಿ ಪೆನ್ನು ಹಿಡಿದು, ಒಂದನೇ ಕ್ಲಾಸಿನ ಮಗುವಿನಂತೆ ನಾಲಿಗೆ ಹೊರಗೆ ಹಾಕಿಕೊಂಡು, 'ಬೇಡ' ಎಂಬುದರ 'ಡ' ಹೊಡೆದು 'ಕು' ಬರೆದ. ಸೊಟ್ಟ ಸೊಟ್ಟಗೆ ಬಂತು. ಅಡಿಯ ಎರಡು ಗೆರೆಗಳನ್ನೂ ಹೊಡೆಯಲು ಹೋದಾಗ ಬಾಸಮ್ಮ, "ಅವು ಹಾಗೇ ಇರಲಿ" ಎಂದಳು.

ಹೊರಗೆ ಬಂದ ಮೇಲೆ ನೀರಿನ ಫಿಲ್ಟರಿನ ಹತ್ತಿರ ಟಕ್ಕಣ್ಣ ತಲೆ ತಗ್ಗಿಸಿ ಕೇಳಿದ. "ಮೇಡಂ, ನನ್ನ ಆಟ ನಿಮಗೆ ಮೊದಲೇ ಗೊತ್ತಾಗಿತ್ತಾ?"

"ಸೋಮವಾರವೇ. ಇಪ್ಪತ್ತಾರು ವರ್ಷ ಪರೀಕ್ಷೆ ಹಾಲಲ್ಲಿ ನಿಂತವಳು ನಾನು."

"ಹಾಗಿದ್ರೆ ಒಳಗೆ ಯಾಕೆ ಹೇಳಲಿಲ್ಲ? ನಿಮ್ಮ ಕೆಲಸ ಹೋಗ್ತಿತ್ತಲ್ಲ!"

ಮೇಡಂ ಒಂದು ಗುಟುಕು ನೀರು ಕುಡಿದು ಗಂಟಲು ಸರಿಮಾಡಿಕೊಂಡರು. "ಕಾಪಿ ಚೀಟಿ ನಾನು ಕಿತ್ಕೊಂಡ ಮಕ್ಕಳು ಮುಂದಿನ ವರ್ಷವೂ ತರ್ತಿದ್ರು. ತಾವಾಗೇ ಎದ್ದು ಬಂದು ಕೊಟ್ಟವರು ಮತ್ತೆ ತರ್ತಿರಲಿಲ್ಲ. ನೀವು ಎದ್ದು ಬರ್ತೀರಿ ಅನ್ನಿಸ್ತು." ಸ್ವಲ್ಪ ತಡೆದು, "ಆದ್ರೆ ಬಹಳ ಹೆದರಿಸಿಬಿಟ್ರಿ" ಎಂದರು. ಟಕ್ಕಣ್ಣನಿಗೆ ಅಳು ಬಂದಂತಾಗಿ ಲೋಟ ತೊಳೆಯುವ ನೆಪ ಮಾಡಿಕೊಂಡ.

ಸೋಮವಾರ ಬೆಳಿಗ್ಗೆ ಗೋಡೆಯ ಮೇಲಿನ ಕಾಗದ ಇರಲಿಲ್ಲ. ಎಲ್ಲರ ಎಡಿಟರಿಗೂ ಒಂದೇ ಸೆಟ್ಟಿಂಗ್ಸ್ ಫೈಲನ್ನು ಮೇಡಂ ಮಾಡಿಕೊಟ್ಟಿದ್ದರು. ಟಕ್ಕಣ್ಣ ಕೂತು, ಕಂಪ್ಯೂಟರು ತೆರೆದು, ಮೊದಲ ಸಾಲು ಬರೆದು, ಎಲ್ಲರ ಕಿವಿಗೂ ಬೀಳುವಂತೆ ಧೈರ್ಯವಾಗಿ ಟ್ಯಾಬ್ ಒತ್ತಿದ.

ಟಕ್.

ಆಫೀಸು ಕಾದಿತು. ಏನೂ ಬರಲಿಲ್ಲ. ಯಾರ ಬೆರಳೂ ಮುಂದಕ್ಕೆ ಹೋಗಲಿಲ್ಲ. ಸೀನು ಅರ್ಧಕ್ಕೆ ನಿಂತವರ ಹಾಗೆ ಎಲ್ಲರೂ ಮೂಗೆತ್ತಿ ಕೂತಿದ್ದರು. ಟಕ್ಕಣ್ಣ ಇನ್ನೊಂದು ಸಾಲು ಬರೆದ. ಟಕ್. ಬಾಸಮ್ಮ ಕೋಣೆಯಿಂದ ತಲೆ ಹೊರಗೆ ಹಾಕಿ ನೋಡಿದಳು. ಹೆಡ್‌ಫೋನು ತನ್ನ ಹೆಡ್‌ಫೋನನ್ನು ಪೂರ್ತಿ ಕಳಚಿ ಮೇಜಿನ ಮೇಲಿಟ್ಟ. ಒಂಬತ್ತು ವರ್ಷದಲ್ಲಿ ಅವನ ಎರಡೂ ಕಿವಿಯನ್ನು ಒಟ್ಟಿಗೆ ಕಂಡವರಿರಲಿಲ್ಲ. "ಯಾಕೋ ಕೆಲಸಾನೇ ಓಡ್ತಿಲ್ಲ ಟಕ್ಕಣ್ಣ," ಎಂದ. "ಇಷ್ಟು ವರ್ಷ ನಿಮ್ಮ ನಾಲ್ಕು ಟಕ್ಕಿನ ತಾಳದ ಮೇಲೇ ಟೈಪ್ ಮಾಡ್ತಿದ್ದೆ ಅಂತ ಈಗ ಗೊತ್ತಾಯ್ತು."

ಟಕ್ಕಣ್ಣ ತನ್ನ ಕೈಕಾಲು ನೋಡಿಕೊಂಡ. ಬೆರಳು ಮಡಿಸುವ ಹಾಗಿಲ್ಲ, ಹಿಮ್ಮಡಿ ನೋಯುತ್ತಿದೆ, ಮೊಬೈಲಿನ ಶಬ್ದವನ್ನು ಹೆಂಡತಿಯೆದುರೇ ಅಳಿಸಿ ಬಂದಿದ್ದಾನೆ. ಪೆಚ್ಚಾಗಿ ಮೂರನೇ ಸಾಲು ಬರೆದು ಟ್ಯಾಬ್ ಒತ್ತಿದ.

ಟಕ್.

ಲೆಕ್ಕದ ಮೇಡಂ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಎಡಗೈಯ ಗೆಣ್ಣು ಮಡಿಸಿ ತಮ್ಮ ಮೇಜಿನ ಅಂಚಿಗೆ ಮೆಲ್ಲಗೆ ಕುಟ್ಟಿದರು. ಟಕ್ ಟಕ್ ಟಕ್.

ಎಲ್ಲ ಕೀಬೋರ್ಡುಗಳೂ ಕೆಲಸ ಶುರುಮಾಡಿದವು.